ಪೆಟ್ಟಿಗೆಯಲ್ಲಿದ್ದ ಬುಗುರಿ

ಬಾಳಗಡಿ, ಕೊಪ್ಪ
5 ಜೂನ್ 2025

ಪ್ರಿಯ ಬಸವೇಶ,

ಈ ಪೊಟ್ಟಣ ಬಿಚ್ಚಿ ನೀನು ಗಾಬರಿಯಾಗಿರಬೇಕು. ಆಗು. ಗಾಬರಿಯಾಗಲಿ ಎಂದೇ ಏನೂ ತಿಳಿಸದೆ ಕಳಿಸಿದ್ದು.

ನಾನು ಕೊಪ್ಪ ತಾಲ್ಲೂಕಿನ ನಾರ್ವೆ ಶಾಲೆಯ ನೀಲಾಂಬಿಕೆ ಟೀಚರ್. ಏಳನೇ ತರಗತಿಯಲ್ಲಿ ನಿನಗೆ ಕನ್ನಡ, ಸಮಾಜ ಎರಡನ್ನೂ ಕಲಿಸಿದವಳು. ಬೆತ್ತ ಹಿಡಿಯದೆ ಬರೀ ಕಣ್ಣಿನಲ್ಲೇ ಹೆದರಿಸುತ್ತಿದ್ದಿರಿ ಎಂದು ಮೊನ್ನೆ ಯಾರೋ ಹೊಗಳಿದರು. ನಿವೃತ್ತಿಯಾಗಿ ನಾಲ್ಕು ವರ್ಷವಾಯಿತು. ಈಗ ಬಾಳಗಡಿಯಲ್ಲಿ ತಂಗಿಯ ಮನೆಯ ಪಕ್ಕದಲ್ಲೇ ಒಂದು ಮನೆ ಹಿಡಿದಿದ್ದೇನೆ.

ಹೋದ ತಿಂಗಳು ನನ್ನ ಹಳೆಯ ಕಬ್ಬಿಣದ ಪೆಟ್ಟಿಗೆಯ ಬೀಗ ಒಡೆಸಿದೆ. ಬೀಗದ ಕೈ ಕಳೆದು ಯಾವ ಕಾಲವಾಗಿತ್ತೋ! ಒಳಗೆ ಮೂವತ್ತನಾಲ್ಕು ಬಟ್ಟೆಯ ಚೀಲಗಳಿದ್ದವು. ಪಾಠದ ಹೊತ್ತಿನಲ್ಲಿ ನಿಮ್ಮ ಕೈಯಿಂದ ಕಿತ್ತುಕೊಂಡ ಆಟದ ಸಾಮಾನುಗಳು. ‘ವರ್ಷದ ಕೊನೆಗೆ ಕೊಡುತ್ತೇನೆ’ ಎಂದು ಒಬ್ಬೊಬ್ಬರಿಗೂ ಮಾತು ಕೊಟ್ಟಿದ್ದೆ. ಆ ವರ್ಷದ ಕೊನೆಗೆ ನನಗೆ ಶೃಂಗೇರಿಗೆ ವರ್ಗವಾಯಿತು, ಪೆಟ್ಟಿಗೆಯೂ ನನ್ನ ಜೊತೆ ಲಾರಿ ಹತ್ತಿತು. ಪ್ರತಿ ಚೀಲಕ್ಕೂ ಆಗಲೇ ಚೀಟಿ ಕಟ್ಟಿದ್ದೆ: ಹೆಸರು, ತರಗತಿ, ತಾರೀಖು. ಯಾವುದು ಯಾರದ್ದು ಎನ್ನುವುದರಲ್ಲಿ ನಾನು ಒಂದು ದಿನವೂ ತಪ್ಪಿದವಳಲ್ಲ.

ಈಗ ಒಂದೊಂದನ್ನೇ ಅಂಚೆಗೆ ಹಾಕುತ್ತಿದ್ದೇನೆ. ನಿನ್ನ ಕ್ಲಾಸಿನ ರಮ್ಯಳಿಗೆ ಅವಳ ನೀರಿನ ಆಟ ಹೋಯಿತು. ಗುಂಡಿ ಒತ್ತಿದರೆ ನೀರಿನೊಳಗೆ ಪುಟ್ಟ ಬಳೆಗಳು ಹಾರಿ ಕಡ್ಡಿಗೆ ಸಿಕ್ಕಿಕೊಳ್ಳುತ್ತವಲ್ಲ, ಅದು. ಈಗ ಅವಳು ಶೃಂಗೇರಿಯಲ್ಲಿ ಬ್ಯಾಂಕ್ ಮ್ಯಾನೇಜರ್. ಊಟದ ಹೊತ್ತಿನಲ್ಲಿ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡು ಆಡುತ್ತಾಳಂತೆ. ನಾಲ್ಕು ಬಳೆ ಬಿದ್ದಿವೆ, ಐದನೆಯದು ಸತಾಯಿಸುತ್ತಿದೆ ಎಂದು ಬರೆದಿದ್ದಾಳೆ. ವಿಘ್ನೇಶ್ವರನಿಗೆ ತಗಡಿನ ಕಪ್ಪೆ ಕಳಿಸಿದೆ. ಈಗ ಅವನು ಹೆಡ್ ಕಾನ್‌ಸ್ಟೇಬಲ್. ಅಷ್ಟು ದೊಡ್ಡ ಮೀಸೆ ಇಟ್ಟುಕೊಂಡು ಅಂಗಳದಲ್ಲಿ ಟಕ್ ಟಕ್ ಎಂದು ಕಪ್ಪೆ ಕೂಗಿಸಿದನಂತೆ, ಹೆಂಡತಿ ಬೈದಳಂತೆ.

ನಿನ್ನದು ಬುಗುರಿ. ಪೇರಲೆ ಮರದ್ದು, ಕೆಂಪು ಹಸಿರು ಪಟ್ಟಿಯದ್ದು. ನೀಲಿ ದಾರದ ಚಾಟಿಯೂ ಗಟ್ಟಿಯಾಗಿಯೇ ಇದೆ. ನಲವತ್ತೊಂದನೇ ವಯಸ್ಸಿಗೆ ಬುಗುರಿ ಆಡಬಾರದು ಎಂದು ಎಲ್ಲೂ ಕಾನೂನಿಲ್ಲ. ಆಡಿಸಿ, ಹೇಗಾಯಿತೆಂದು ಬರೆ.

ಇತಿ,
ನಿನ್ನ ಟೀಚರ್
ನೀಲಾಂಬಿಕೆ

ಮರೆತಿದ್ದೆ: ರಮ್ಯ ನಿನ್ನ ಫೋನ್ ನಂಬರನ್ನೂ ಕೊಟ್ಟಳು. ನಾನು ಬರೆದುಕೊಳ್ಳಲಿಲ್ಲ. ಕಾಗದದಲ್ಲೇ ಬರೆ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಬಹುದು.


ನರಸಿಂಹರಾಜಪುರ
16 ಜೂನ್ 2025

ಪೂಜ್ಯ ಟೀಚರ್ ಅವರಿಗೆ ಬಸವೇಶನ ನಮಸ್ಕಾರಗಳು.

ನಿಮ್ಮ ಪೊಟ್ಟಣವನ್ನು ಅಂಗಡಿಯ ಕೌಂಟರಿನಲ್ಲೇ ಬಿಚ್ಚಿದೆ. ಇಲ್ಲಿ ಪೇಂಟು, ಮೊಳೆ, ಪೈಪು ಮಾರಿಕೊಂಡು ಇದ್ದೇನೆ. ನನ್ನ ಹೆಂಡತಿ ಮೇಘನ ಪಕ್ಕದಲ್ಲೇ ಇದ್ದಳು. “ಎಂತ ಆಯ್ತ್ರೀ? ಯಾರಾದ್ರೂ ಹೋಗಿಬಿಟ್ರಾ?” ಅಂತ ಕೇಳಿದಳು. ಮುಖ ಹಾಗಾಗಿತ್ತಂತೆ. ಬುಗುರಿ ನೋಡಿ ನಗದೆ ಬೆವರುವ ಗಂಡಸನ್ನು ಅವಳು ಎಲ್ಲೂ ನೋಡಿಲ್ಲವಂತೆ.

ಟೀಚರ್, ಒಂದು ವಾರದಿಂದ ಈ ಕಾಗದ ಬರೆದು ಹರಿಯುತ್ತಿದ್ದೇನೆ. ಈಗ ನೇರವಾಗಿ ಬರೆದುಬಿಡುತ್ತೇನೆ. ಈ ಬುಗುರಿ ನನ್ನದಲ್ಲ. ನಮ್ಮ ಕ್ಲಾಸಿನ ಗಣಪತಿಯದು. ನಾನು ಅವನ ಚೀಲದಿಂದ ಕದ್ದದ್ದು.

ನಿಮಗೆ ನೆನಪಿರಬಹುದು, 1996ರ ನವೆಂಬರ್. ಅವನು ಎದ್ದು ನಿಂತು, ಬಸವೇಶನ ಕೈಯಲ್ಲಿರುವ ಬುಗುರಿ ನನ್ನದು, ಅಜ್ಜ ಕೆತ್ತಿಕೊಟ್ಟದ್ದು ಅಂದ. ನಾನು ಇಲ್ಲ, ನನ್ನದು ಅಂದೆ. ನೀವು ಇಬ್ಬರನ್ನೂ ಜಗಲಿಗೆ ಕರೆದು, “ಯಾರು ಆಡಿಸಿ ತೋರಿಸ್ತೀರೋ ಅವರದ್ದು” ಅಂದಿರಿ. ಇಡೀ ಕ್ಲಾಸು ಸುತ್ತ ನಿಂತಿತ್ತು. ನಾನು ಬಿಟ್ಟ ಬುಗುರಿ ನಿಂತಲ್ಲೇ ಗುಂಯ್ ಅಂತ ತಿರುಗಿತು. ಅವನು ಮೂರು ಸಲ ಬಿಟ್ಟ, ಮೂರು ಸಲವೂ ಅಡ್ಡ ಬಿತ್ತು. ನೀವು ಅವನನ್ನು ಸಂಜೆಯವರೆಗೆ ಮೊಣಕಾಲ ಮೇಲೆ ನಿಲ್ಲಿಸಿದಿರಿ. “ಇವನ ಮಾತನ್ನು ಇನ್ನು ಯಾರೂ ನಂಬಬೇಡಿ” ಅಂತ ಕ್ಲಾಸಿಗೆ ಹೇಳಿದಿರಿ. ಆಮೇಲೆ ಶಾಲೆಗೆ ಆಟದ ಸಾಮಾನು ತಂದದ್ದಕ್ಕೆ ಬುಗುರಿಯನ್ನು ನನ್ನಿಂದಲೂ ಕಿತ್ತುಕೊಂಡಿರಿ.

ಆ ಮಾತನ್ನು ಊರು ಹಿಡಿದುಕೊಂಡಿತು ಟೀಚರ್. ಅವತ್ತಿನಿಂದ ಅವನು ‘ಬುಗುರಿ ಗಣಪತಿ’. ನಾರ್ವೆಯಿಂದ ಇಲ್ಲಿಯವರೆಗೆ ಯಾರಾದರೂ ಸುಳ್ಳು ಹೇಳಿದರೆ ‘ಬುಗುರಿ ಬಿಡ್ಬೇಡ ಮಾರಾಯ’ ಅನ್ನುತ್ತಾರೆ. ಅದು ಎಲ್ಲಿಂದ ಬಂತು ಅಂತ ಹೊಸಬರಿಗೆ ಗೊತ್ತೂ ಇಲ್ಲ. ನಾನೂ ಅವನನ್ನು ಹಾಗೇ ಕರೆಯುತ್ತೇನೆ. ಎಷ್ಟು ಸಲ ಕರೆದಿದ್ದೇನೋ.

ಅವನು ನನಗೆ ಯಾರೋ ಅಲ್ಲ. ಕೊಪ್ಪ–ಎನ್.ಆರ್. ಪುರ ಬಸ್ಸಿನಲ್ಲಿ ಕಂಡಕ್ಟರ್. ಭಾನುವಾರ ರಜೆ ಹಾಕಿ ಬರುತ್ತಾನೆ, ಅಂಗಡಿಯ ಮಾಳಿಗೆಯಲ್ಲಿ ಇಬ್ಬರೂ ಕೇರಂ ಆಡುತ್ತೇವೆ. ಅಪ್ಪ ತೀರಿಕೊಂಡಾಗ ಮೊದಲು ಹೆಗಲು ಕೊಟ್ಟವನು ಅವನು. ಅವನನ್ನು ಬಿಟ್ಟರೆ ನನಗೆ ಸ್ನೇಹಿತ ಅಂತ ಇನ್ನೊಬ್ಬನಿಲ್ಲ. ಯಾರಾದರೂ ಆ ಹಳೆಯ ಕಥೆ ತೆಗೆದರೆ, “ಹೌದು ಮಾರಾಯ, ನಾನೇ ಸುಳ್ಳು ಹೇಳಿದ್ದು, ಬಿಡು” ಅಂತ ಅವನೇ ನಗುತ್ತಾನೆ. ಅವನಿಗೆ ಮರೆತೇಹೋಗಿದೆ ಅಂದುಕೊಂಡಿದ್ದೇನೆ.

ಬುಗುರಿಯನ್ನು ವಾಪಸ್ ಕಳಿಸುತ್ತಿದ್ದೇನೆ. ಅದರಲ್ಲಿ ನನ್ನದು ಅಂತ ಇರುವುದು ಚಾಟಿ ಒಂದೇ. ಆಗ ಅಪ್ಪನ ದಿನಸಿ ಅಂಗಡಿಗೆ ಬರುತ್ತಿದ್ದ ಸಕ್ಕರೆ ಮೂಟೆಯ ನೀಲಿ ದಾರ ಬಿಚ್ಚಿ ಅಮ್ಮ ಜಡೆ ಹಾಗೆ ಹೆಣೆದುಕೊಟ್ಟದ್ದು. ಅದೂ ನಿಮ್ಮಲ್ಲೇ ಇರಲಿ. ಗಣಪತಿಗೆ ಮಾತ್ರ ಹೇಳಬೇಡಿ, ಕೈ ಮುಗಿಯುತ್ತೇನೆ.

ನಿಮ್ಮ ವಿದ್ಯಾರ್ಥಿ,
ಬಸವೇಶ್


ಬಾಳಗಡಿ
28 ಜೂನ್ 2025

ಬಸವೇಶ,

ನಿನ್ನ ಕಾಗದ ಓದಿ ಕೈಯಲ್ಲಿದ್ದ ಕಾಫಿ ಸೆರಗಿನ ಮೇಲೆ ಚೆಲ್ಲಿಕೊಂಡೆ. ಕೋಪ ಬಂದದ್ದು ನಿನ್ನ ಮೇಲೆ. ಮೂರು ದಿನ ಬಂತು. ಹನ್ನೆರಡು ವರ್ಷದ ಹುಡುಗ ಕದ್ದದ್ದು ದೊಡ್ಡದಲ್ಲ. ನಲವತ್ತೊಂದು ವರ್ಷದ ಗಂಡಸು ಅವನನ್ನೇ ಬುಗುರಿ ಎಂದು ಕರೆದುಕೊಂಡು ಕೇರಂ ಆಡುತ್ತಿದ್ದಾನಲ್ಲ, ಅದಕ್ಕೆ ಬಂತು.

ನಾಲ್ಕನೇ ದಿನ ನಿನ್ನ ಮೇಲಿನ ಕೋಪ ಉಳಿಯಲಿಲ್ಲ. ಯಾಕೆಂದು ಹೇಳುತ್ತೇನೆ.

ಆ ಜಗಲಿಯನ್ನು ಮತ್ತೆ ಮತ್ತೆ ನೆನಪಿಗೆ ತಂದುಕೊಂಡೆ. ನೀನು ಆಡಿಸಿದ ಮೇಲೆ ಬುಗುರಿ ಗಣಪತಿಯ ಕೈಗೆ ಹೋಯಿತು. ಅವನು ಚಾಟಿಯನ್ನು ಎಡಗೈಯಲ್ಲಿ ಹಿಡಿದು ಸರಸರನೆ ಸುತ್ತಿ, ಬಿಡಲು ಬುಗುರಿಯನ್ನು ಎಡಗೈಗೆ ತೆಗೆದುಕೊಂಡ. ದಿನವೂ ಮಾಡಿ ಅಭ್ಯಾಸವಿದ್ದವನ ಹಾಗೆ. ಆಗ ನಾನು ಏನು ಮಾಡಿದೆ ಗೊತ್ತೇ? ಬುಗುರಿಯನ್ನು ಅವನ ಎಡಗೈಯಿಂದ ಕಿತ್ತು ಬಲಗೈಗೆ ಕೊಟ್ಟೆ. “ಸರಿಯಾದ ಕೈಯಲ್ಲಿ ಆಡ್ಸು” ಎಂದೆ.

ಅವನು ಎಡಚ ಎನ್ನುವುದು ನನಗೆ ಗೊತ್ತಿತ್ತು, ಬಸವೇಶ. ಅವನನ್ನು ಬಲಗೈಗೆ ತಿರುಗಿಸಿಯೇ ಸಿದ್ಧ ಎಂದು ಆ ವರ್ಷವೆಲ್ಲ ಹಟ ಹಿಡಿದಿದ್ದೆ. ಬೆತ್ತ ಹಿಡಿಯುತ್ತಿರಲಿಲ್ಲ ಎಂದು ಜಂಬದಿಂದ ಬರೆದೆನಲ್ಲ? ಸ್ಕೇಲು ಹಿಡಿಯುತ್ತಿದ್ದೆ. ಎಡಗೈಯಲ್ಲಿ ಪೆನ್ನು ಹಿಡಿದರೆ ಬೆರಳ ಗಂಟಿಗೆ ಬೀಳುತ್ತಿತ್ತು. ಆ ಕೈಯನ್ನು ಕಟ್ಟಿಹಾಕಿ, ಇನ್ನೊಂದು ಕೈಯಲ್ಲಿ ಗೆಲ್ಲು ಎಂದು ಹೇಳಿ, ಸೋತಾಗ ಸುಳ್ಳುಗಾರ ಎಂದವಳು ನಾನು. ಮೂವತ್ತಾರು ವರ್ಷ ಪಾಠ ಮಾಡಿದ್ದೇನೆ. ಇದು ಇಷ್ಟು ದಿನ ಎಲ್ಲಿತ್ತು? ಒಂದೇ ಒಂದು ದಿನವೂ ಯಾಕೆ ನೆನಪಾಗಲಿಲ್ಲ?

ಇನ್ನೂ ಇದೆ. ನಾನು ತಿಂಗಳಿಗೊಮ್ಮೆ ಎನ್.ಆರ್. ಪುರಕ್ಕೆ ಬರುವುದು ಅದೇ ಬಸ್ಸಿನಲ್ಲಿ. ಆ ಕಂಡಕ್ಟರ್ ನನ್ನನ್ನು ಕಂಡ ಕೂಡಲೇ ಮುಂದಿನ ಸೀಟು ಬಿಡಿಸಿಕೊಡುತ್ತಾನೆ. ಒಳ್ಳೆಯ ಮನುಷ್ಯ ಎಂದುಕೊಂಡಿದ್ದೆ, ಯಾರೆಂದು ಗುರುತು ಸಿಕ್ಕಿರಲಿಲ್ಲ. ಒಂದು ದಿನ ಹಿಂದಿನಿಂದ ಯಾರೋ, “ಏ ಬುಗುರಿ, ಸೀಟಿದೆ ಅಂತ ಬುಗುರಿ ಬಿಡ್ಬೇಡ!” ಎಂದು ಕೂಗಿದರು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಬುಗುರಿ ನನ್ನ ಮೇಜಿನ ಮೇಲಿದೆ. ನೀನೇ ಹೋಗಿ ಅವನಿಗೆ ಹೇಳು. ಆಷಾಢ ಮುಗಿಯುವುದರೊಳಗೆ ಹೇಳು. ಇಲ್ಲದಿದ್ದರೆ ನಾನು ಬರೆಯುತ್ತೇನೆ.

ನೀಲಾಂಬಿಕೆ


ನರಸಿಂಹರಾಜಪುರ
21 ಜುಲೈ 2025

ಟೀಚರ್,

ನಿನ್ನೆ ಹೇಳೋಣ ಅಂತ ಕೂತೆ. ಮೇಘನ ಚಹಾ ಇಟ್ಟು ಕೆಳಗೆ ಹೋದಳು. ಬೋರ್ಡಿನ ಮೇಲೆ ಕೆಂಪು ಕಾಯಿ ಒಂದು, ಕರಿ ಕಾಯಿ ಎರಡು ಉಳಿದಿದ್ದವು. “ಗಣಪ, ಆ ಬುಗುರಿ ವಿಷಯ...” ಅಂದೆ.

ಅವನು ಸ್ಟ್ರೈಕರ್ ಮೇಲಿಟ್ಟ ಬೆರಳನ್ನು ತೆಗೆದ. ನನ್ನ ಮುಖ ನೋಡಿದ. “ಹೇಳು” ಅಂದ.

ಅಷ್ಟೇ ಅಂದದ್ದು. ಯಾವ ವಿಷಯ ಅಂತ ಕೇಳಲಿಲ್ಲ, ನಗಲಿಲ್ಲ. “ಎಂಥದ್ದೂ ಇಲ್ಲ ಬಿಡು ಮಾರಾಯ” ಅಂದೆ. ಅವನು ಎಡಗೈಯಲ್ಲಿ ಕೆಂಪನ್ನು ಒಂದೇ ಏಟಿಗೆ ಕೆಡವಿ, “ಬಸ್ಸು ತೊಳೀಬೇಕು” ಅಂತ ಎದ್ದುಹೋದ. ಚಹಾ ಹಾಗೇ ಉಳಿಯಿತು.

ನನ್ನಿಂದ ಆಗಲ್ಲ ಟೀಚರ್. ನೀವು ಬರೆಯುವುದಾದರೆ ಬರೆಯಿರಿ. ಬೇಡ ಅನ್ನುವ ಮುಖ ನನಗಿಲ್ಲ.

ಬಸವೇಶ್


ಬಾಳಗಡಿ
30 ಜುಲೈ 2025

ಗಣಪತಿಯವರಿಗೆ,

ನಿನ್ನನ್ನು ‘ನೀವು’ ಎನ್ನಬೇಕೋ ‘ನೀನು’ ಎನ್ನಬೇಕೋ ತಿಳಿಯದೆ ಒಂದು ಹಾಳೆ ಹಾಳಾಯಿತು. ನೀನು ಎಂದೇ ಬರೆಯುತ್ತೇನೆ. ಯಾಕೆಂದರೆ ನಾನು ತಪ್ಪು ಮಾಡಿದ್ದು ಆ ಹನ್ನೆರಡು ವರ್ಷದವನಿಗೆ.

ಬುಗುರಿ ನಿನ್ನದು. ನೀನು ಅಂದು ನಿಜ ಹೇಳಿದ್ದೆ. ನಾನು ನಿನ್ನ ಎಡಗೈಯಿಂದ ಬುಗುರಿ ಕಿತ್ತು ಬಲಗೈಗೆ ಕೊಟ್ಟೆ, ಆಡಿಸಲು ಬಾರದ್ದಕ್ಕೆ ನಿನ್ನನ್ನು ಸುಳ್ಳುಗಾರ ಎಂದೆ. ನಿನ್ನ ಮಾತನ್ನು ಯಾರೂ ನಂಬಬೇಡಿ ಎಂದೆ. ಅದರಿಂದ ನಿನಗೆ ಅಂಟಿದ ಹೆಸರನ್ನು ಬಸ್ಸಿನಲ್ಲಿ ಕೇಳಿ ನಾನೂ ನಕ್ಕಿದ್ದೇನೆ. ನನಗೆ ಇದೆಲ್ಲ ತಿಳಿದದ್ದು ಈ ಜೂನ್‌ನಲ್ಲಿ. ತಿಳಿಸಿದವನು ಬಸವೇಶ. ತನ್ನ ತಪ್ಪನ್ನು ಅವನೇ ಬರೆದು ಒಪ್ಪಿಕೊಂಡಿದ್ದಾನೆ. ಅಷ್ಟನ್ನು ಅವನ ಪರವಾಗಿ ಹೇಳಬೇಕು.

ನೀನು ಏಳನೆಯ ತರಗತಿಗೇ ಶಾಲೆ ಬಿಟ್ಟೆ ಎಂದು ರಮ್ಯ ಹೇಳಿದಳು. ಅದಕ್ಕೂ ನಾನೇ ಕಾರಣವೇ? ಈ ಪ್ರಶ್ನೆಗೆ ಹೆದರಿಕೊಂಡೇ ಎಂಟು ದಿನ ಕಾಗದ ಬರೆಯಲಿಲ್ಲ.

ಕ್ಷಮಿಸು ಎಂದು ಸುಲಭವಾಗಿ ಬರೆದುಬಿಡಬಹುದು. ನಿನಗೆ ನಾನೇನು ಮಾಡಬೇಕು, ಅದನ್ನು ಹೇಳು.

ನೀಲಾಂಬಿಕೆ


ನಾರ್ವೆ
17 ಆಗಸ್ಟ್ 2025

ಟೀಚರಿಗೆ ಗಣಪತಿ ಮಾಡುವ ನಮಸ್ಕಾರ.

ಈ ಕಾಗದವನ್ನು ನೀವು ಬಸ್ಸು ಹತ್ತಿದಾಗ ಕೈಯಲ್ಲೇ ಕೊಡಬಹುದಿತ್ತು. ಪೋಸ್ಟಿಗೆ ಹಾಕಿದ್ದೇನೆ. ನಿಮ್ಮ ಎದುರು ನಿಂತರೆ ನನಗೆ ಈಗಲೂ ಬಾಯಿ ಬರುವುದಿಲ್ಲ. ಇದನ್ನು ಬಲಗೈಯಲ್ಲೇ ಬರೆಯುತ್ತಿದ್ದೇನೆ. ನೀವು ಕಲಿಸಿದ್ದು. ಅಕ್ಷರ ಚಂದ ಇದೆ ಅಂತ ಎಲ್ಲರೂ ಹೇಳುತ್ತಾರೆ. ಉಳಿದ ಎಲ್ಲ ಕೆಲಸಕ್ಕೂ ಎಡಗೈಯೇ.

ನಾನು ಶಾಲೆ ಬಿಟ್ಟದ್ದಕ್ಕೆ ನೀವು ಕಾರಣ ಅಲ್ಲ. ಆ ಬೇಸಿಗೆಯಲ್ಲಿ ಅಪ್ಪ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ನಿಮ್ಮದಲ್ಲದ್ದನ್ನು ನಿಮ್ಮ ತಲೆಯ ಮೇಲೆ ಹಾಕಿಕೊಳ್ಳಬೇಡಿ. ಕೈಗೆ ಹೊಡೆದದ್ದೂ ಮರೆತಿದ್ದೇನೆ. ಆಗ ಎಲ್ಲ ಎಡಚರಿಗೂ ಹೊಡೆಯುತ್ತಿದ್ದರು.

ಬಸವೇಶ ಕದ್ದದ್ದು ನನಗೆ ಅವತ್ತೇ ಗೊತ್ತು. ನನ್ನ ಬುಗುರಿ ಅವನ ಕೈಯಲ್ಲಿದ್ದರೆ ಇನ್ನೇನು ಅಂದುಕೊಳ್ಳುವುದು? ಅವನು ನನಗೆ ಮರೆತುಹೋಗಿದೆ ಅಂದುಕೊಂಡಿದ್ದಾನೆ. ನಾನು ಒಂದೊಂದು ಭಾನುವಾರವೂ ಇವತ್ತು ಹೇಳುತ್ತಾನೆ ಅಂತ ಮಾಳಿಗೆ ಹತ್ತಿದ್ದೇನೆ. ಹೇಳಿದ್ದರೆ ಅಲ್ಲೇ ನಕ್ಕು ಮುಗಿಸುತ್ತಿದ್ದೆ. ಮೊನ್ನೆ ಬಾಯಿಯವರೆಗೂ ಬಂತು, ನುಂಗಿಕೊಂಡ. ಅವತ್ತು ನನಗೆ ನೋವಾಯಿತು. ಅದರ ನಂತರ ಹೋಗಿಲ್ಲ.

ಬುಗುರಿ ಅಂದರೆ ನನಗೆ ಅಭ್ಯಾಸ ಆಗಿಹೋಗಿದೆ. ಆದರೆ ನನ್ನ ಮಗಳು ಭವ್ಯ ಈ ಜೂನ್‌ನಲ್ಲಿ ಕೊಪ್ಪದ ಹೈಸ್ಕೂಲಿಗೆ ಸೇರಿದಳು. ಮೊದಲನೇ ವಾರವೇ ಯಾರೋ ‘ಬುಗುರಿ ಭವ್ಯ’ ಅಂದರಂತೆ. ಯಾಕೆ ಹಾಗಂತಾರೆ ಅಪ್ಪ ಅಂತ ಕೇಳಿದಳು. ನಡೆದದ್ದನ್ನು ಹೇಳಿದೆ. “ನಿಜವಾಗ್ಲೂ ಅದು ನಿಂದೇ ಆಗಿತ್ತಾ?” ಅಂತ ಕೇಳಿದಳು ಟೀಚರ್. ನನ್ನ ಮಗಳು ಕೇಳಿದಳು.

ಏನು ಮಾಡಬೇಕು ಅಂತ ಕೇಳಿದ್ದೀರಿ. ಅವತ್ತು ಮೂವತ್ತೊಂದು ಮಕ್ಕಳ ಎದುರು ಹೇಳಿದಿರಿ. ಅವರ ಎದುರೇ ಇದನ್ನೂ ಹೇಳಿ. ಭವ್ಯ ಕೇಳುವ ಹಾಗೆ ಹೇಳಿ. ಬೇರೆ ಏನೂ ಬೇಡ.

ಗಣಪತಿ


ಬಾಳಗಡಿ
10 ಸೆಪ್ಟೆಂಬರ್ 2025

1996ನೇ ಸಾಲಿನ ಏಳನೇ ತರಗತಿಯ ಎಲ್ಲರಿಗೂ,

ಅಕ್ಟೋಬರ್ 5, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾರ್ವೆ ಶಾಲೆಯ ಅಂಗಳಕ್ಕೆ ಬನ್ನಿ. ಈಗಿನ ಹೆಡ್‌ಮಿಸ್ಟ್ರೆಸ್ ಒಪ್ಪಿಗೆ ಕೊಟ್ಟಿದ್ದಾರೆ. ನಾನು ವಾಪಸ್ ಕಳಿಸಿದ ಆಟದ ಸಾಮಾನುಗಳನ್ನು ಮರೆಯದೆ ತನ್ನಿ. ಇಡೀ ದಿನ ಆಡಬಹುದು. ಯಾರೂ ಕಿತ್ತುಕೊಳ್ಳುವುದಿಲ್ಲ.

ಆಟಕ್ಕೆ ಮೊದಲು ನಾನು ಒಂದು ಮಾತು ಹೇಳುವುದಿದೆ. ಅದಕ್ಕಾಗಿಯೇ ಕರೆಯುತ್ತಿರುವುದು. ಹಾಜರಿ ಕರೆಯುತ್ತೇನೆ, ತಡಮಾಡಬೇಡಿ.

ನೀಲಾಂಬಿಕೆ ಟೀಚರ್


ಬಾಳಗಡಿ
6 ಅಕ್ಟೋಬರ್ 2025

ಬಸವೇಶ,

ನಿನ್ನೆ ನಿನ್ನ ಹೆಸರು ಎರಡು ಸಲ ಕರೆದೆ. ಯಾರೂ ‘ಎಸ್ ಟೀಚರ್’ ಎನ್ನಲಿಲ್ಲ. ನೀನು ಬರುವುದಿಲ್ಲ ಎಂದು ಮನಸ್ಸಿನಲ್ಲಿ ಇದ್ದೇ ಇತ್ತು. ಆದರೂ ಗೇಟಿನ ಕಡೆ ನೋಡುತ್ತಿದ್ದೆ. ಗಣಪತಿಯೂ ನೋಡುತ್ತಿದ್ದ. ಅಲ್ಲಿ ಏನಾಯಿತೆಂದು ನಿನಗೆ ನಾನೇ ಹೇಳಬೇಕು. ಬೇರೆಯವರ ಬಾಯಿಂದ ಕೇಳಬಾರದು.

ಇಪ್ಪತ್ತೆರಡು ಮಂದಿ ಬಂದಿದ್ದರು. ಮಕ್ಕಳಿರಲಿ, ಒಬ್ಬಳು ಮೊಮ್ಮಗುವನ್ನು ಸಹ ಎತ್ತಿಕೊಂಡು ಬಂದಿದ್ದಳು. ನಾನು ಅದೇ ಜಗಲಿಯ ಮೇಲೆ ನಿಂತೆ. ಭವ್ಯ ಎದುರಿಗೇ, ಅಪ್ಪನ ಕೈ ಹಿಡಿದುಕೊಂಡು ನಿಂತಿದ್ದಳು. “ಆ ದಿನ ಗಣಪತಿ ಹೇಳಿದ್ದು ನಿಜ. ಸುಳ್ಳು ಹೇಳಿದವಳು ನಾನು” ಎಂದೆ. ಎಡಗೈಯ ವಿಷಯವನ್ನೂ ಸ್ಕೇಲಿನ ವಿಷಯವನ್ನೂ ಬಿಡದೆ ಹೇಳಿದೆ. ವಿಘ್ನೇಶ್ವರನ ಬಾಯಿ ತೆರೆದದ್ದು ಮುಚ್ಚಲಿಲ್ಲ. ರಮ್ಯ ನೀರಿನ ಆಟವನ್ನು ಎದೆಗೊತ್ತಿಕೊಂಡು ಅಳತೊಡಗಿದಳು. “ಎಷ್ಟು ಸಲ ಕರ್ದಿದೀನಿ ನಾನು, ದೇವ್ರೇ” ಎಂದು ಯಾರೋ ಹಿಂದೆ ಹೇಳಿಕೊಂಡರು. ಕದ್ದದ್ದು ಯಾರೆಂದು ಒಬ್ಬರೂ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಕೇಳು. ಇಷ್ಟೆಲ್ಲ ಆದ ಮೇಲೂ ಮಾಡಿದೆ.

ಬುಗುರಿಗೆ ಚಾಟಿ ಸುತ್ತಿ ಗಣಪತಿಯ ಎಡಗೈಗೆ ಕೊಟ್ಟೆ. “ಈಗ ಈ ಕೈಯಲ್ಲಿ ಆಡ್ಸು. ಎಲ್ಲರೂ ನೋಡ್ಲಿ” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿ ಸುತ್ತ ಜಾಗ ಬಿಟ್ಟರು. ಆ ದಿನ ನಿಂತಿದ್ದ ಹಾಗೆಯೇ ವೃತ್ತವಾಗಿ ನಿಂತರು. ನನಗೆ ಸಂತೋಷದಿಂದ ಕಣ್ಣು ತುಂಬಿತ್ತು.

ಗಣಪತಿ ಬುಗುರಿಯನ್ನು ಎತ್ತಿ ನೋಡಿದ. ಅಜ್ಜ ಹಾಕಿದ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಕೈ ಕೆಳಗಿಳಿಸಿ, “ಇಲ್ಲ ಟೀಚರ್” ಎಂದ.

ನನಗೆ ಅರ್ಥವಾಗಲಿಲ್ಲ. “ಯಾಕೋ, ಅಭ್ಯಾಸ ತಪ್ಪಿದ್ಯಾ?” ಎಂದೆ.

“ಆಡಿಸ್ತೀನಿ, ಬರ್ತದೆ. ಆದ್ರೆ ತೋರ್ಸೋಕೆ ಆಡ್ಸಲ್ಲ. ಆಡ್ಸಿ ತೋರ್ಸಿದ್ರೆ ಮಾತ್ರ ನಂದು ಅಂತ ಆಗ್ತದಲ್ಲ ಮತ್ತೆ?” ಎಂದ. ನನ್ನ ಜೊತೆ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು. “ಆಡ್ಸದಿದ್ರೂ ಇದು ನಂದೇ.”

ಚಪ್ಪಾಳೆ ನಿಂತುಹೋಯಿತು. ಒಬ್ಬನ ಮಾತನ್ನು ಬರಿಯ ಮಾತೆಂದೇ ನಂಬಲು ನನಗೆ ಇವತ್ತಿಗೂ ಬಂದಿಲ್ಲ, ಬಸವೇಶ. ಕೈ ಬದಲಾಯಿಸಿದೆ, ಪರೀಕ್ಷೆ ಬಿಡಲಿಲ್ಲ. ಭವ್ಯ ಮಾತ್ರ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಬುಗುರಿ ತಿರುಗುವುದು ಬೇಕಿರಲಿಲ್ಲ.

ಆಮೇಲೆ ಆಟ ಶುರುವಾಯಿತು. ಲಗೋರಿಗೆ ಜಗಳ ಕಾದರು, ವಿಘ್ನೇಶ್ವರ ಗೋಲಿಯಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ, ರಮ್ಯಳ ಐದನೇ ಬಳೆ ಕೊನೆಗೂ ಕಡ್ಡಿಗೆ ಬಿತ್ತು. ಎಲ್ಲರೂ ಅವನನ್ನು ಬರೀ ಗಣಪತಿ ಎಂದು ಕರೆಯಲು ಕಷ್ಟಪಡುತ್ತಿದ್ದರು. ಬಾಯಿ ಮೊದಲು ಬು ಎಂದು ತೆರೆದು, ನಿಂತು, ಮತ್ತೆ ಸರಿಯಾಗುತ್ತಿತ್ತು.

ನನ್ನ ಪೆಟ್ಟಿಗೆಯಲ್ಲಿ ಇನ್ನೂ ಹನ್ನೊಂದು ಚೀಲಗಳಿವೆ. ರಾತ್ರಿಯೇ ಅವುಗಳ ಚೀಟಿ ಕಿತ್ತುಹಾಕಿದೆ. ಇನ್ನು ಮೇಲೆ ಯಾರದ್ದು ಎಂದು ಕೇಳಿ, ಅವರು ಹೇಳಿದ್ದನ್ನು ನಂಬಿ ಕಳಿಸುವುದು.

ಈ ಕಾಗದದ ಜೊತೆ ಒಂದು ವಸ್ತು ಇಟ್ಟಿದ್ದೇನೆ. ಹೊರಡುವಾಗ ಗಣಪತಿ ಬುಗುರಿಯಿಂದ ನೀಲಿ ಚಾಟಿಯನ್ನು ಬಿಚ್ಚಿ, ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟ. “ಇದು ಬಸವೇಶಂದು. ಅವನ ಅಮ್ಮ ಹೆಣೆದಿದ್ದು. ಅವತ್ತೂ ನಾನು ಚಾಟಿ ನಂದು ಅಂದಿರ್ಲಿಲ್ಲ. ಅವನಿಗೆ ಕಳ್ಸಿ” ಎಂದ.

“ಚಾಟಿ ಇಲ್ಲದೆ ನೀನು ಬುಗುರಿ ಆಡೋದು ಹೇಗೆ ಮಾರಾಯ?” ಎಂದು ಕೇಳಿದೆ.

ಅವನು ಬುಗುರಿಯನ್ನು ಜೇಬಿಗೆ ಹಾಕಿಕೊಂಡ. “ಭಾನುವಾರ ಮನೇಲೇ ಇರ್ತೀನಿ ಅಂತ ಅವನಿಗೆ ಹೇಳಿ” ಎಂದ.

ನೀಲಾಂಬಿಕೆ